ಮರಳಿನ ಕೆಳಗಿನ ಒಡ್ಡು

ಆ ಊರಿನಲ್ಲಿ ಹೊಳೆ ಅಂದರೆ ಮರಳು. ವರ್ಷಕ್ಕೆ ಒಂದೆರಡು ಸಲ ಬೆಟ್ಟದ ಕಡೆ ಮಳೆ ಸುರಿದಾಗ ಕೆಂಪು ನೀರು ರಭಸದಿಂದ ಬಂದು, ಸೇತುವೆಯ ಮೇಲೆ ನಿಂತವರಿಗೆ ಮುಖ ತೋರಿಸಿ, ಮರುದಿನ ಹೊತ್ತೇರುವಷ್ಟರಲ್ಲಿ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಉಳಿದ ದಿನವೆಲ್ಲ ಆ ಮರಳಿನಲ್ಲಿ ಮಕ್ಕಳು ಚೆಂಡಾಡುತ್ತಿದ್ದರು, ನಾಯಿಗಳು ಗುಂಡಿ ತೋಡಿಕೊಂಡು ಮಲಗುತ್ತಿದ್ದವು. ಊರಿನ ಅರ್ಧಕ್ಕೆ ನೀರು ಬರುತ್ತಿದ್ದದ್ದು ಚಕ್ರದ ಮೇಲೆ. ಆ ಚಕ್ರ ಓಡಿಸುತ್ತಿದ್ದವಳನ್ನು ಎಲ್ಲರೂ ಟ್ಯಾಂಕರಕ್ಕ ಎಂದು ಕರೆಯುತ್ತಿದ್ದರು. ತಾಯಿ ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಆ ಹೆಸರು ಅಂಟಿಕೊಂಡಿತ್ತು.

ಮೊದಲು ಟ್ಯಾಂಕರ್ ಓಡಿಸುತ್ತಿದ್ದವನು ಅವಳ ಗಂಡ. ಒಂದು ಸಂಜೆ ಅವನು ಬೀದಿದೀಪದ ಕಂಬಕ್ಕೆ ಗಾಡಿ ತಾಗಿಸಿಕೊಂಡು ಬಂದ. ಬಂಪರ್ ನೆಗ್ಗಿತ್ತು.

"ಕಂಬ ಅಡ್ಡ ಬಂತು ಕಣೇ" ಅಂದ.

"ಕಂಬಕ್ಕೆ ಕಾಲಿದ್ಯಾ ಅಡ್ಡ ಬರೋಕೆ? ನಡೀರಿ ಕಣ್ಣಾಸ್ಪತ್ರೆಗೆ" ಎಂದು ಅವಳು ಅಲ್ಲೇ ಹೊರಡಿಸಿದಳು.

ಕಣ್ಣಿನ ನರ ಒಣಗುತ್ತಿದೆ, ಇರುವ ದೃಷ್ಟಿ ಉಳಿಸಿಕೊಳ್ಳಬಹುದೇ ಹೊರತು ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಗಂಡ ಒಂದು ವಾರ ಗೋಡೆಗೆ ಮುಖ ಮಾಡಿ ಮಲಗಿದ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅವಳು ಗಾಡಿಯ ಕೀಲಿ ತೆಗೆದುಕೊಂಡು ಬಂದು ಅವನ ದಿಂಬಿನ ಪಕ್ಕದಲ್ಲಿ ಗಲಗಲ ಅಲ್ಲಾಡಿಸಿ, "ಎದ್ದೇಳಿ, ಪಾಠ ಶುರು ಮಾಡಿ. ಕಣ್ಣು ನಂದು, ಬುದ್ಧಿ ನಿಮ್ದು" ಎಂದಳು. ಅವನು ಪಕ್ಕದ ಸೀಟಿನಲ್ಲಿ ಕೂತು, ಎಂಜಿನ್ನಿನ ಸದ್ದಿನಿಂದಲೇ "ಗೇರು ಬದಲಾಯಿಸು", "ಕ್ಲಚ್ಚಿನ ಮೇಲಿಂದ ಕಾಲು ತೆಗಿ, ಅದೇನು ನಿನ್ನ ಕಾಲುಮಣೆನಾ" ಎಂದು ಗದರುತ್ತ ಕಲಿಸಿದ. ಹೊಳೆಯ ಮರಳಿನಲ್ಲಿ ಹೂತುಹೋಗಿ, ಪೇಟೆಯಲ್ಲಿ ಬೈಸಿಕೊಂಡು, ತಿರುವಿನಲ್ಲಿ ಬೆವರಿಳಿಸಿಕೊಂಡು, ಕೊನೆಗೆ ಲೈಸೆನ್ಸು ತೆಗೆದುಕೊಂಡೇ ಬಿಟ್ಟಳು.

ನೀರು ತುಂಬಿಸಿಕೊಳ್ಳುತ್ತಿದ್ದದ್ದು ಅಣ್ಣನ ಕೊಳವೆಬಾವಿಯಿಂದ. ಹೊಳೆದಂಡೆಗೆ ತಾಗಿದಂತೆ ಅವನ ಜಮೀನು. ಅಪ್ಪ ಬೇಗ ತೀರಿಕೊಂಡಾಗ ಅವಳನ್ನು ಶಾಲೆಗೆ ಕಳಿಸಿದವನು, ಮದುವೆ ಮಾಡಿದವನು ಇದೇ ಅಣ್ಣ. ಅವನ ಮೋಟಾರಿನ ದಪ್ಪ ಪೈಪು ಬಾಯಿಬಿಟ್ಟರೆ ಟ್ಯಾಂಕರ್ ತುಂಬಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕು. ಆ ಟೀಯನ್ನು ಅತ್ತಿಗೆ ತಂದುಕೊಡುತ್ತಿದ್ದಳು. ಅಲ್ಲಿಂದ ಗುಡ್ಡದ ಕಾಲೊನಿಗೆ ಏರುದಾರಿ. ಪೈಪಿನ ನೀರು ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ಟ್ಯಾಂಕರಿನ ಹಾರ್ನು ಕೇಳಿದರೆ ಕಾಲೊನಿಯ ಜನ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಓಡಿ ಬರುತ್ತಿದ್ದರು. "ನಮ್ಮಕ್ಕ ಬಂದ್ಳು" ಅನ್ನುವ ಮಾತು ಕೇಳಿದಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹೊಳೆಬೀದಿಯ ಹೆಂಗಸರು ಅವಳ ಗಾಡಿಗೆ ಅಡ್ಡ ನಿಂತರು. ಅಣ್ಣನ ಜಮೀನಿನಿಂದ ಮೇಲಕ್ಕೆ ಹೋಗುವ ದಾರಿ ಆ ಬೀದಿಯನ್ನು ಹಾದೇ ಹೋಗಬೇಕು. ಮುಂದೆ ನಿಂತಿದ್ದವಳು ಆ ಬೀದಿಯ ದರ್ಜಿ, ಕೊರಳಲ್ಲಿ ಇನ್ನೂ ಅಳತೆಯ ಟೇಪು ನೇತಾಡುತ್ತಿತ್ತು.

"ಇಳಿಯಕ್ಕಾ ಕೆಳಗೆ" ಅಂದಳು ದರ್ಜಿ. "ನಮ್ಮ ಕೈಪಂಪು ಹೊಡೆದು ನೋಡು ಬಾ."

ಟ್ಯಾಂಕರಕ್ಕ ಇಳಿದಳು. ಬೀದಿಯ ಕೊನೆಯಲ್ಲಿದ್ದ ಪಂಪಿನ ಹಿಡಿ ಒತ್ತಿದಳು. ಒಣ ಗಂಟಲಿನವನು ಕೆಮ್ಮಿದ ಹಾಗೆ ಸದ್ದು ಬಂತು, ನೀರು ಬರಲಿಲ್ಲ.

"ನಿಮ್ಮಣ್ಣನ ಮೋಟಾರು ನಮ್ಮ ಪಂಪನ್ನ ಕುಡೀತಿದೆ. ನೀನು ಅದನ್ನ ಹೊತ್ಕೊಂಡು ನಮ್ಮ ಮುಂದೇನೇ ಗುಡ್ಡ ಹತ್ತಿಸ್ತೀಯ. ಇದು ಸರೀನಾ?"

"ಭೂಮಿ ಒಳಗಿರೋ ನೀರು ನಿಂದು ಅಂತ ಬರೆದಿದ್ಯಾ? ಪಂಪಿನ ವಾಷರ್ ಸವೆದಿರಬೇಕು, ರಿಪೇರಿ ಮಾಡಿಸಿ" ಎಂದು ಅವಳೂ ದನಿ ಏರಿಸಿದಳು. "ಮೇಲೆ ಬಾಣಂತಿಯರಿದ್ದಾರೆ, ಮುದುಕರಿದ್ದಾರೆ. ಅವರೇನು ಗಾಳಿ ಕುಡೀಬೇಕಾ?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ದಾರಿ ಬಿಟ್ಟರು. ಆದರೆ ಗುಡ್ಡ ಹತ್ತುವಾಗಲೂ ಇಳಿಯುವಾಗಲೂ ಆ ಪಂಪಿನ ಕೆಮ್ಮು ಅವಳ ಕಿವಿಯಲ್ಲೇ ಇತ್ತು.

ಕೆಲವು ದಿನಗಳಾದ ಮೇಲೆ ಅಣ್ಣನ ಮೋಟಾರು ಸುಟ್ಟಿತು. ಅದನ್ನು ಮೇಲೆತ್ತಿ, ಪೇಟೆಗೆ ಒಯ್ದು, ತಂತಿ ಸುತ್ತಿಸಿ ತರುವಷ್ಟರಲ್ಲಿ ಒಂದು ವಾರ ಹಿಡಿಯಿತು. ಅಲ್ಲಿಯವರೆಗೆ ಅವಳು ದೂರದ ಕಲ್ಲುಕ್ವಾರಿಯ ಹೊಂಡಕ್ಕೆ ಹೋಗಿ ನೀರು ತಂದಳು. ವಾರದ ಕೊನೆಗೆ ಹೊಳೆಬೀದಿಯಲ್ಲಿ ಬರುವಾಗ ಪಂಪಿನ ಮುಂದೆ ಕೊಡಗಳ ಸಾಲು ಕಂಡಿತು. ಗಾಡಿ ನಿಲ್ಲಿಸಿ ಇಳಿದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಒಬ್ಬ ಹುಡುಗಿ ಹಿಡಿ ಒತ್ತುತ್ತಿದ್ದಳು, ನೀರು ದಾರದಷ್ಟೇ ಸಣ್ಣಗೆ, ಆದರೂ ನಿಲ್ಲದೆ ಬೀಳುತ್ತಿತ್ತು. ವಾಷರನ್ನು ಯಾರೂ ಬದಲಾಯಿಸಿರಲಿಲ್ಲ. ಮೋಟಾರು ಮತ್ತೆ ಕೂತು ಎರಡು ದಿನ ಓಡಿದ್ದೇ ತಡ, ಪಂಪು ಪುನಃ ಒಣಗಿತು.

ಅವಳು ನೇರವಾಗಿ ಅಣ್ಣನ ಮನೆಗೆ ಹೋದಳು. ಅಣ್ಣ ಪಡಸಾಲೆಯಲ್ಲಿ ಕೂತು ಪೈಪಿನ ಜಾಯಿಂಟಿಗೆ ದಾರ ಸುತ್ತುತ್ತಿದ್ದ.

"ಅಣ್ಣಾ, ನಮ್ಮ ಮೋಟಾರು ಇಡೀ ದಿನ ಓಡಿದ್ರೆ ಹೊಳೆಬೀದಿ ಪಂಪು ಸಾಯುತ್ತೆ. ನಾನೇ ಕಣ್ಣಾರೆ ನೋಡಿದೆ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಓಡಿಸೋಣ."

ಅಣ್ಣ ತಲೆಯೆತ್ತಲಿಲ್ಲ. "ನಾನು ನಿಲ್ಲಿಸಿದ್ರೆ ಪಕ್ಕದವನು ಇನ್ನೂ ಆಳ ಕೊರೆಸ್ತಾನೆ. ಆಗ ಏನ್ಮಾಡ್ತೀಯ? ನನ್ನ ಜಮೀನು, ನನ್ನ ಬಾವಿ. ನೀನು ಗಾಡಿ ಓಡಿಸೋದು ಕಲಿತೆ ಅಂತ ನನ್ನನ್ನೂ ಓಡಿಸೋಕೆ ಬಂದ್ಯಾ?"

"ಹಾಗಾದ್ರೆ ನಾಳೆಯಿಂದ ನಾನು ಇಲ್ಲಿ ತುಂಬ್ಸಲ್ಲ."

"ಬೇಡ ಬಿಡು. ಟ್ಯಾಂಕರಿಗೇನು ಬರವಾ?"

ಅತ್ತಿಗೆ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಳು. ಟ್ಯಾಂಕರಕ್ಕ ಅದನ್ನು ಮುಟ್ಟದೆ ಹೊರಬಿದ್ದಳು. ಸಾಕಿ ಬೆಳೆಸಿದ ಅಣ್ಣನ ಜೊತೆ ಅವಳು ಮಾತು ಬಿಟ್ಟದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಪಟ್ಟು ಹಿಡಿಯುವುದೇನೋ ಸುಲಭ. ಆದರೆ ಕ್ವಾರಿ ದೂರ, ಹೋಗಿ ಬರುವಷ್ಟರಲ್ಲಿ ಅರ್ಧ ಹಗಲು ಮುಗಿಯುತ್ತಿತ್ತು. ಎಷ್ಟು ಹೆಣಗಿದರೂ ಗುಡ್ಡದ ಕಾಲೊನಿಗೆ ಮೊದಲಿನ ಅರ್ಧದಷ್ಟೂ ನೀರು ತಲುಪುತ್ತಿರಲಿಲ್ಲ. "ನಮ್ಮಕ್ಕ" ಅನ್ನುತ್ತಿದ್ದ ಬಾಯಿಗಳೇ "ಕೊಬ್ಬು ಜಾಸ್ತಿಯಾಯ್ತು ಅವಳಿಗೆ" ಅನ್ನತೊಡಗಿದವು. ಕೆಳಗೆ ಹೊಳೆಬೀದಿಯಲ್ಲೂ ಯಾರೂ ಮೆಚ್ಚಲಿಲ್ಲ, ಅಣ್ಣನ ಮೋಟಾರು ಪೇಟೆಗೆ ಹೋಗುವ ಬೇರೆ ಟ್ಯಾಂಕರುಗಳನ್ನು ತುಂಬಿಸುತ್ತಲೇ ಇತ್ತು.

"ಎರಡೂ ಕಡೆ ಬೈಸ್ಕೊಳ್ತಿದೀನಿ" ಎಂದು ಗಂಡನ ಹತ್ತಿರ ಹೇಳಿಕೊಂಡಳು.

ಅವನು ಅಂಗಳದಲ್ಲಿ ಕೂತು, ಬೆರಳಿನಿಂದಲೇ ತಡವಿ ಟ್ಯೂಬಿನ ಪಂಕ್ಚರ್ ಹುಡುಕುತ್ತಿದ್ದ. "ಬೈಗುಳ ಹಂಗೇ ಬಿಡು. ಇರೋ ನೀರನ್ನ ಎಳೆದಾಡೋದು ಆಯ್ತು. ಹೋಗೋ ನೀರನ್ನ ಯಾರೂ ಹಿಡೀಲಿಲ್ಲವಲ್ಲ. ಪ್ರತಿ ಸಲ ಹೊಳೆ ಬರುತ್ತೆ, ಸೇತುವೆ ಮೇಲೆ ನಿಂತು ಟಾಟಾ ಮಾಡ್ತೀವಿ."

ಈ ಮಾತು ಅವಳ ತಲೆಯಲ್ಲಿ ಕೂತಿತು. ಮರುದಿನವೇ ನೀರು ಸರಬರಾಜು ಆಫೀಸಿಗೆ ಹೋದಳು. ಅಲ್ಲಿದ್ದ ಎಂಜಿನಿಯರ್ ನಡುವಯಸ್ಸಿನವರು. ಮಾತಿಗೊಮ್ಮೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಮೇಜಿನ ಮೇಲೆ ಎರಡು ಕೈ ಅಡ್ಡ ಇಟ್ಟು ವಿವರಿಸಿದರು.

"ನೋಡಮ್ಮ, ನಿಮ್ಮ ಹೊಳೆ ಒಣಗಿಲ್ಲ. ಮರಳಿನ ಕೆಳಗೆ ಇನ್ನೂ ನಿಧಾನವಾಗಿ ಹರೀತಿದೆ, ಕಣ್ಣಿಗೆ ಕಾಣಲ್ಲ ಅಷ್ಟೆ. ಹೊಳೆ ಕಿರಿದಾಗೋ ಜಾಗದಲ್ಲಿ, ಕೆಳಗೆ ಬಂಡೆ ಸಿಗೋವರೆಗೂ ಅಡ್ಡಡ್ಡ ಕಂದಕ ತೋಡಬೇಕು. ಅದರಲ್ಲಿ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ತುಳಿದು, ಮೇಲೆ ಮತ್ತೆ ಮರಳು ಮುಚ್ಚಬೇಕು. ನೆಲದೊಳಗಿನ ಒಡ್ಡು ಅದು. ಹೊಳೆ ಬರೋ ಕಡೆಯ ಮರಳೆಲ್ಲ ನೀರು ಹಿಡಿದು ನಿಲ್ಲುತ್ತೆ, ಬಿಸಿಲಿಗೂ ಆರಲ್ಲ."

"ಆಮೇಲೆ ಪಂಪು ಬರುತ್ತಾ ಸಾರ್?"

"ಮಾತು ಕೊಡಲ್ಲ. ಬರೋ ಸಾಧ್ಯತೆ ಚೆನ್ನಾಗಿದೆ. ನಕ್ಷೆ ನಾನು ಮಾಡ್ತೀನಿ, ಅಗೆಯೋ ಯಂತ್ರ ಆಫೀಸಿಂದ ಕೊಡಿಸ್ತೀನಿ. ಕೈಗೆಲಸಕ್ಕೆ ಜನ ನೀವು ಕರ್ಕೊಂಡು ಬರಬೇಕು. ಒಂದು ಮಾತು ಮಾತ್ರ ಮರೀಬೇಡಿ. ಒಡ್ಡಿನ ತಲೆ ಮರಳಿಗಿಂತ ಒಂದು ಮೊಳ ಕೆಳಗೇ ಇರಬೇಕು. ಮಿಕ್ಕ ನೀರು ಮುಂದಕ್ಕೆ ಹೋಗಲಿ."

ಜನ ಕರೆತರುವುದೇ ದೊಡ್ಡ ಕೆಲಸ. ಗುಡ್ಡದವರು "ಕೆಳಗಿನವರ ಪಂಪಿಗೆ ನಾವ್ಯಾಕೆ ಮಣ್ಣು ಹೊರಬೇಕು" ಎಂದರು. ಕೆಳಗಿನವರು "ಮೇಲಿನವರ ಟ್ಯಾಂಕರಿಗೆ ನಾವ್ಯಾಕೆ" ಎಂದರು. ಟ್ಯಾಂಕರಕ್ಕ ಮನೆಮನೆಗೆ ಹತ್ತಿ ಇಳಿದಳು. ಮುಖ ಗಂಟಿಕ್ಕಿದವರ ಮನೆಗೆ ಮತ್ತೊಮ್ಮೆ ಹೋದಳು, ಬಾಗಿಲು ಹಾಕಿಕೊಂಡವರನ್ನು ಕಿಟಕಿಯಲ್ಲಿ ಮಾತಾಡಿಸಿದಳು. ಕೊನೆಗೆ ದರ್ಜಿಯ ಅಂಗಡಿಗೆ ಹೋಗಿ ಹೊಲಿಗೆಯಂತ್ರದ ಎದುರಿನ ಸ್ಟೂಲಿನ ಮೇಲೆ ಕೂತಳು.

"ಅವತ್ತು ನೀನು ಹೇಳಿದ್ದು ನಿಜ. ಪಂಪು ಒಣಗಿದ್ದು ನಮ್ಮ ಮೋಟಾರಿಂದಾನೇ" ಎಂದಳು.

ದರ್ಜಿ ಯಂತ್ರ ನಿಲ್ಲಿಸಿದಳು. ಹಲ್ಲಿನಲ್ಲಿ ಕಚ್ಚಿದ್ದ ದಾರ ತುಂಡರಿಸಿ, "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಸರಿ, ಯಾವತ್ತಿಂದ ಅಗೆಯೋದು?" ಎಂದಳು. ದರ್ಜಿ ಹೊರಟ ಮೇಲೆ ಬೀದಿ ಹೊರಟಿತು, ಬೀದಿ ಹೊರಟಿದ್ದು ನೋಡಿ ಗುಡ್ಡಕ್ಕೂ ನಾಚಿಕೆಯಾಯಿತು.

ಅಗೆತ ಶುರುವಾಯಿತು. ಯಂತ್ರ ಮೇಲಿನ ಮರಳನ್ನು ಎತ್ತಿ ಹಾಕಿದ ಹಾಗೆಲ್ಲ ಪಕ್ಕದ ಗೋಡೆ ಸೊರ್ರನೆ ಜಾರಿ ಮತ್ತೆ ಕಂದಕ ತುಂಬುತ್ತಿತ್ತು. ಗುಡ್ಡದ ಕಾಲೊನಿಯ ಬಡಗಿಯೊಬ್ಬ ಹಳೆಯ ಬಾಗಿಲು, ಹಲಗೆಗಳನ್ನು ಒಟ್ಟುಹಾಕಿ ಗೋಡೆಗೆ ಆನಿಸಿ ಊರುಗೋಲು ಕೊಟ್ಟ. ಕೆಳಗೆ ಇಳಿದಂತೆ ಮರಳು ಒದ್ದೆಯಾಯಿತು, ಆಮೇಲೆ ಪಾದ ತಣ್ಣಗಾಯಿತು, ಆಮೇಲೆ ಕಾಲಿನ ಸುತ್ತ ನೀರೇ ಒಸರಿತು. ಹೊಳೆಬೀದಿಯ ಅಜ್ಜಿಯೊಬ್ಬಳು ಅದನ್ನು ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಎರಚಿಕೊಂಡು, "ಇಷ್ಟು ದಿನ ಕೆಳಗೆ ಬಚ್ಚಿಟ್ಕೊಂಡಿದ್ಯಾ, ಕಳ್ಳಿ" ಎಂದು ಹೊಳೆಯನ್ನೇ ಬೈದಳು. ಎಲ್ಲರೂ ನಕ್ಕರು. ಟ್ಯಾಂಕರಕ್ಕ ಗುಡ್ಡದ ಸರದಿಯ ನಡುವೆ ಜೇಡಿಮಣ್ಣಿಗಾಗಿಯೂ ಓಡಾಡಿದಳು, ಕೆರೆಯಂಗಳದಿಂದ ಟ್ರಾಕ್ಟರುಗಳು ತರುತ್ತಿದ್ದ ಮಣ್ಣನ್ನು ನೆನೆಸಲು ಅವಳ ಟ್ಯಾಂಕರಿನ ನೀರೇ ಆಸರೆ. ಗಂಡ ಕಂದಕದೊಳಗೆ ಇಳಿದು ಮಣ್ಣು ತುಳಿಯುವವರ ಸಾಲಿಗೆ ಸೇರಿದ. ಕಣ್ಣಿಲ್ಲದವನಿಗೆ ಯಾಕೆ ಎಂದವರಿಗೆ "ತುಳಿಯೋಕೆ ಕಣ್ಣು ಯಾಕ್ರೀ, ಕಾಲು ಸಾಕು" ಎಂದ.

ತೊಡಕು ಬಂದದ್ದು ಆಚೆ ದಂಡೆಯಲ್ಲಿ. ಒಡ್ಡಿನ ಆ ತುದಿಯನ್ನು ದಂಡೆಯ ಗಟ್ಟಿ ನೆಲದೊಳಗೆ ನಾಟದಿದ್ದರೆ ನೀರು ಪಕ್ಕದಿಂದ ನುಸುಳಿ ಹೋಗುತ್ತದೆ ಎಂದು ಎಂಜಿನಿಯರ್ ಹೇಳಿದ್ದರು. ಆ ದಂಡೆ ಅಣ್ಣನ ಜಮೀನು. ಅಣ್ಣ ಬೇಲಿಯ ಗೇಟಿಗೆ ಬೀಗ ಜಡಿದು, "ನನ್ನ ನೆಲಕ್ಕೆ ಗುದ್ದಲಿ ಬಿದ್ರೆ ನೋಡ್ಕೊಳ್ತೀನಿ" ಎಂದು ಹೇಳಿ ಕಳಿಸಿದ. ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಕಂದಕ ತೆರೆದಿರುವಾಗ ಹೊಳೆ ಬಂದರೆ ಅಷ್ಟೂ ಕೆಲಸ ಕೊಚ್ಚಿಹೋಗುತ್ತಿತ್ತು. ಎರಡು ದಿನ ಜನ ಸಲಿಕೆ ಊರಿಕೊಂಡು ಕೂತರು. ಕೆಲವರು ಬೇಲಿ ಕಿತ್ತು ಹಾಕೋಣ ಎಂದರು.

"ಬೇಲಿ ಮುಟ್ಟಬೇಡಿ" ಎಂದಳು ಟ್ಯಾಂಕರಕ್ಕ. "ಜಗಳ ಮಾಡಿ ಕಟ್ಟಿದ್ದು ಜಗಳದಲ್ಲೇ ಒಡೆಯುತ್ತೆ." ತಾನೇ ಗೇಟಿನ ಮುಂದೆ ಹೋಗಿ ಬಿಸಿಲಿನಲ್ಲಿ ಕೂತಳು. ಅಣ್ಣ ಎರಡು ಸಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದ. 

ಮಧ್ಯಾಹ್ನ ಅಣ್ಣ ಪೇಟೆಗೆ ಹೋದ ಮೇಲೆ ಅತ್ತಿಗೆ ಬಂದಳು. ಸೆರಗಿನ ತುದಿಯಿಂದ ಬೀಗದಕೈ ಬಿಚ್ಚಿದಳು.

"ಅತ್ತಿಗೆ, ಬೇಡ. ಆಮೇಲೆ ಮನೇಲಿ ನಿಮಗೆ ತೊಂದರೆ."

"ನನ್ನ ತೊಂದರೆ ನಾನು ನೋಡ್ಕೊಳ್ತೀನಿ. ಹೊಳೆ ಕಡೆಯ ಈ ತುಂಡು ನನ್ನ ತವರಿನವರು ನನಗೆ ಕೊಟ್ಟಿದ್ದು. ಮದುವೆಯಾದಾಗಿನಿಂದ ತಮ್ಮದೇ ಅಂತ ಅಂದ್ಕೊಂಡಿದ್ದಾರೆ. ನಾನೂ ತಿದ್ದೋಕೆ ಹೋಗಿರಲಿಲ್ಲ." ಬೀಗ ತೆಗೆದು ಗೇಟು ತಳ್ಳಿದಳು. "ಬೇಗ ಬೇಗ ಅಗೀರಿ. ಸಂಜೆ ಅವರಿಗೆ ನಾನೇ ಹೇಳ್ತೀನಿ, ಊಟ ಆದ್ಮೇಲೆ."

ಊಟ ಆದ ಮೇಲೆ ಆ ಮನೆಯಲ್ಲಿ ಏನು ನಡೆಯಿತೋ ಯಾರಿಗೂ ಗೊತ್ತಾಗಲಿಲ್ಲ. ಮರುದಿನವೂ ಗೇಟು ತೆರೆದೇ ಇತ್ತು. ಅಣ್ಣ ಮಾತ್ರ ಹೊರಗೆ ಕಾಣಿಸಲಿಲ್ಲ.

ಒಡ್ಡು ಮೇಲೆದ್ದು ಬಂತು. ಕೊನೆಯ ದಿನ ಇನ್ನೂ ನಾಲ್ಕಾರು ಟ್ರಾಕ್ಟರ್ ಜೇಡಿಮಣ್ಣು ಉಳಿದಿತ್ತು. "ಇದನ್ನ ವಾಪಸ್ ಹೊತ್ಕೊಂಡು ಹೋಗೋದಾ? ಏರಿಸೋಣ ಇನ್ನಷ್ಟು, ನೀರು ಜಾಸ್ತಿ ನಿಲ್ಲುತ್ತೆ" ಎಂದು ಯಾರೋ ಅಂದರು. ಎಂಜಿನಿಯರ್ ಅಂದು ಬೇರೆ ಊರಿಗೆ ಹೋಗಿದ್ದರು. ಎಲ್ಲರೂ ಟ್ಯಾಂಕರಕ್ಕನ ಮುಖ ನೋಡಿದರು. ಅವಳಿಗೆ ಎಂಜಿನಿಯರ್ ಹೇಳಿದ ಮಾತು ನೆನಪಿತ್ತು. ಆದರೆ ಇಷ್ಟು ಬೆವರು ಸುರಿಸಿದ ಮೇಲೆ ಒಂದು ಮೊಳ ನೀರು ಬಿಟ್ಟುಕೊಡುವುದು ಯಾಕೆ ಅನ್ನಿಸಿತು. "ಹಾಕಿ" ಎಂದಳು. ಒಡ್ಡು ಮರಳಿನ ಮಟ್ಟ ದಾಟಿ ಮೊಣಕಾಲೆತ್ತರ ಮೇಲೆ ನಿಂತಿತು. ಮೇಲೆ ಕಲ್ಲು ಹೊದಿಸಿದರು.

ವಾರದೊಳಗೆ ಹೊಳೆ ಬಂತು. ಕೆಂಪು ನೀರು ಒಡ್ಡಿಗೆ ಅಪ್ಪಳಿಸಿ, ಹತ್ತಿ, ಹಾರಿ ಹೋಯಿತು. ಎರಡೂ ಕಡೆಯ ಜನ ಸೇತುವೆಯ ಮೇಲೆ ನಿಂತು ನೋಡುತ್ತಿದ್ದರು. ನೀರಿಳಿದ ಮೇಲೆ ನೋಡಿದರೆ ಒಡ್ಡು ನಿಂತಲ್ಲೇ ನಿಂತಿತ್ತು. ಸ್ವಲ್ಪ ದಿನದಲ್ಲೇ ಕೈಪಂಪಿಗೆ ನೀರು ಬಂತು, ದಾರದ ಹಾಗಲ್ಲ, ಹೆಬ್ಬೆರಳು ದಪ್ಪ. ಒಡ್ಡಿನ ಮೇಲ್ಬದಿಯಲ್ಲಿ ನೀರೆತ್ತಲೆಂದು ಎಂಜಿನಿಯರ್ ಮೊದಲೇ ಇಳಿಸಿದ್ದ ಸಿಮೆಂಟು ಬಳೆಗಳ ಬಾವಿ ತುಂಬಿತು. ಟ್ಯಾಂಕರಕ್ಕ ಅಲ್ಲೇ ತುಂಬಿಸಿಕೊಂಡು ಗುಡ್ಡ ಹತ್ತಿದಳು. ದರ್ಜಿ ತಾನೇ ದಾರಿಗೆ ಬಂದು ಕೈಬೀಸಿದಳು.

ಆ ಬೇಸಿಗೆ ಅವಳ ಬದುಕಿನಲ್ಲೇ ಹಗುರವಾದ ಬೇಸಿಗೆ. ಅದು ಮುಗಿಯುವ ಮೊದಲೇ ಕೆಳಗಿನ ಹಳ್ಳಿಯಿಂದ ಆಡು ಕಾಯುವ ಮುದುಕನೊಬ್ಬ ನಡೆದುಕೊಂಡು ಬಂದ. ಬಾವಿಯ ಹತ್ತಿರ ನಿಂತಿದ್ದ ಅವಳನ್ನು ನೋಡಿ, "ಒಡ್ಡು ಕಟ್ಟಿಸಿದ ತಾಯಿ ನೀನೇನಾ?" ಎಂದು ಕೇಳಿದ.

"ಹೌದು ತಾತ. ಕೂತ್ಕೊಳ್ಳಿ, ನೀರು ಕುಡೀರಿ."

"ಕುಡೀತೀನಿ. ಇದು ನಮ್ಮ ನೀರೇ." ಅವನು ಕುಡಿದು ಬಾಯಿ ಒರೆಸಿಕೊಂಡ. "ನಾವು ಮರಳಲ್ಲಿ ಒರತೆ ತೋಡಿ ನೀರು ತಗೋತಿದ್ವಿ. ನಮ್ಮಪ್ಪನ ಕಾಲದಿಂದ. ಈ ವರ್ಷ ಎಷ್ಟು ತೋಡಿದ್ರೂ ಬರೀ ಮರಳು. ಅರ್ಧ ಆಡು ಮಾರಿದೆ. ಜಗಳಕ್ಕೆ ಬಂದಿಲ್ಲಮ್ಮ, ಹೇಳಿ ಹೋಗೋಣ ಅಂತ ಬಂದೆ."

ಅವಳು ತುಂಬಿಸುವುದನ್ನು ಅಲ್ಲಿಗೇ ಬಿಟ್ಟಳು. ಮುದುಕನನ್ನು ಗಾಡಿಯಲ್ಲಿ ಕೂರಿಸಿಕೊಂಡು ಅವನ ಹಳ್ಳಿಗೆ ಹೋದಳು. ಒಣಗಿದ ಒರತೆಗುಂಡಿಗೆ ತಾನೇ ಇಳಿದು, ತೋಳು ಮುಳುಗುವವರೆಗೆ ಕೈಯಿಂದ ತೋಡಿದಳು. ಬೆರಳಿಗೆ ತೇವ ಹತ್ತಲಿಲ್ಲ. ಅಲ್ಲಿಂದ ನೆಟ್ಟಗೆ ಎಂಜಿನಿಯರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಅವರು ಗದರಲಿಲ್ಲ, ಕನ್ನಡಕ ಒರೆಸಿಕೊಂಡು, "ಇಳಿಸಬೇಕು. ಬೇರೆ ದಾರಿ ಇಲ್ಲ" ಎಂದರು.

ಊರಿನಲ್ಲಿ ಈ ಮಾತು ಎತ್ತಿದ್ದೇ ತಡ, ಎಲ್ಲರೂ ಮೈಮೇಲೆ ಬಂದರು. ಒಗ್ಗಟ್ಟು ಬಾರದೆ ಒದ್ದಾಡಿದ್ದ ಗುಡ್ಡವೂ ಬೀದಿಯೂ ಈಗ ಒಂದೇ ದನಿಯಲ್ಲಿ ಬೇಡ ಎಂದವು. ದರ್ಜಿಯೂ ತಿರುಗಿ ಬಿದ್ದಳು.

"ಕಟ್ಟಿದ ಕೈಯಿಂದಾನೇ ಒಡೀತೀಯಾ? ನಮ್ಮ ಪಂಪು ಮತ್ತೆ ಒಣಗಿದ್ರೆ?"

"ಒಣಗಲ್ಲ. ಸಣ್ಣಗಾಗಬಹುದು. ಮೊದಲು ಹೇಳಿದ ಅಳತೆಗೇ ಇಳಿಸ್ತೀವಿ, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ನೀನು ಅವತ್ತು ನನ್ನ ಗಾಡಿಗೆ ಅಡ್ಡ ನಿಂತೆಯಲ್ಲ, ಆ ಮುದುಕನಿಗೆ ಅಡ್ಡ ನಿಲ್ಲೋಕೆ ಗಾಡಿನೂ ಇಲ್ಲ."

ದರ್ಜಿ ಮುಖ ತಿರುಗಿಸಿ ಹೋದಳು. ಟ್ಯಾಂಕರಕ್ಕ ಪಿಕಾಸಿ ಹೆಗಲಿಗೇರಿಸಿ ಹೊಳೆಗೆ ಇಳಿದಳು. ಜೊತೆಗೆ ಗಂಡ, ಆ ಬಡಗಿ, ಎಂಜಿನಿಯರ್ ಕಳಿಸಿದ ಇಬ್ಬರು, ಅಷ್ಟೇ. ದಂಡೆಯ ಮೇಲೆ ಜನ ನಿಂತು ನೋಡುತ್ತಿದ್ದರು, ಕೆಲವರು ಶಾಪ ಹಾಕುತ್ತಿದ್ದರು. ತುಳಿದು ತುಳಿದು ಗಟ್ಟಿ ಮಾಡಿದ ಜೇಡಿ ಕಲ್ಲಿನ ಹಾಗಾಗಿತ್ತು. ಪಿಕಾಸಿ ಏಟಿಗೆ ಒಂದು ಹಿಡಿಯಷ್ಟೇ ಕಿತ್ತುಬರುತ್ತಿತ್ತು. ಅಂಗೈ ಬೊಬ್ಬೆ ಒಡೆಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಎತ್ತಿದಳು. ಒಡೆದು ತೆಗೆದ ಒಂದೊಂದು ಹೆಂಟೆಯನ್ನೂ ಕಟ್ಟುವಾಗ ಎತ್ತಿಕೊಟ್ಟವರ ಮುಖ ಅವಳಿಗೆ ನೆನಪಿಗೆ ಬರುತ್ತಿತ್ತು. ಕಣ್ಣಲ್ಲಿ ನೀರು ತುಂಬಿದರೂ ಕೈ ನಿಲ್ಲಿಸಲಿಲ್ಲ.

ಎರಡನೆಯ ದಿನ ಪಕ್ಕದಲ್ಲಿ ಮತ್ತೊಂದು ಪಿಕಾಸಿ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅಣ್ಣ.

ಇಬ್ಬರೂ ಅಕ್ಕಪಕ್ಕ ಅಗೆದರು. ಆಮೇಲೆ ಅವನೇ ಬಾಯಿಬಿಟ್ಟ. "ನನ್ನ ಮೇಲಿನ ಸಿಟ್ಟಿಗೆ ಕಟ್ಟಿದೀಯ ಅಂದ್ಕೊಂಡಿದ್ದೆ. ಸಿಟ್ಟಿಗೆ ಕಟ್ಟಿದವರು ಯಾರೂ ಒಡೆಯಲ್ಲ."

"ಸಿಟ್ಟೂ ಇತ್ತಣ್ಣ, ಸುಳ್ಳು ಯಾಕೆ ಹೇಳ್ಲಿ."

"ಇರ್ಲಿ ಬಿಡು. ಪಿಕಾಸಿ ಅಷ್ಟು ಮೇಲಕ್ಕೆ ಎತ್ತಬೇಡ, ಸೊಂಟ ಹೋಗುತ್ತೆ. ಚಿಕ್ಕಂದಿನಿಂದ ಹೇಳಿದ್ದು ಒಂದೂ ಕೇಳಲ್ಲ ನೀನು." ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ, "ಮೋಟಾರು ಬೆಳಿಗ್ಗೆ ಮಾತ್ರ ಓಡುತ್ತೆ ಇನ್ಮೇಲೆ. ಬೇರೆ ಟ್ಯಾಂಕರಿನವರಿಗೂ ಹೇಳಿದೀನಿ. ನಿಮ್ಮತ್ತಿಗೆ ಗೇಟಿನ ಬೀಗದಕೈ ನನಗೆ ಕೊಡ್ತಾನೇ ಇಲ್ಲ."

ಅವಳಿಗೆ ನಗು ಬಂತು. ಪಿಕಾಸಿ ಊರಿ ನಿಂತು ಹೊಟ್ಟೆ ಹಿಡಿದು ನಕ್ಕಳು. ಅಣ್ಣ ಸಿಡುಕುತ್ತಲೇ ಅಗೆಯುತ್ತಿದ್ದ. ಅಣ್ಣ ಇಳಿದದ್ದನ್ನು ನೋಡಿ ದಂಡೆಯಲ್ಲಿದ್ದವರಲ್ಲಿ ಕೆಲವರು ಇಳಿದರು. ದರ್ಜಿ ಇಳಿಯಲಿಲ್ಲ. ಅವಳು ಟ್ಯಾಂಕರಕ್ಕನೊಡನೆ ಸರಿಯಾಗಿ ಮಾತಾಡಲು ಇನ್ನೊಂದು ಮಳೆ ಬರಬೇಕಾಯಿತು.

ಆ ಮಳೆಯ ನಂತರ ಹೊಳೆಬೀದಿಯ ಪಂಪಿನ ಧಾರೆ ಕಿರುಬೆರಳಷ್ಟಾಯಿತು, ಒಣಗಲಿಲ್ಲ. ಕೆಳಗಿನ ಹಳ್ಳಿಯಲ್ಲಿ ಒರತೆಗೆ ಮತ್ತೆ ನೀರು ಬಂತು, ಮುದುಕನ ಉಳಿದ ಆಡುಗಳು ಉಳಿದವು. ಬಳೆಬಾವಿಯಿಂದ ಗುಡ್ಡದ ಕಾಲೊನಿಗೆ ಪೈಪು ಎಳೆಯಲು ಆಫೀಸಿನವರು ಒಪ್ಪಲೇಬೇಕಾಯಿತು, ಅವಳು ಅಲ್ಲಿಯ ಬೆಂಚಿನ ಮೇಲೆ ಕೂತು ಕೂತು ಅವರನ್ನು ಸುಸ್ತು ಮಾಡಿದ್ದಳು. ಪೈಪು ಬಂದರೆ ನಿನ್ನ ಟ್ಯಾಂಕರಿಗೆ ಏನು ಕೆಲಸ ಎಂದು ಯಾರೋ ಕೇಳಿದಾಗ, "ಅದಕ್ಕೂ ವಯಸ್ಸಾಯ್ತು, ವಿಶ್ರಾಂತಿ ತಗೊಳ್ಳಲಿ" ಎಂದಳು.

ವಿಶ್ರಾಂತಿಯೇನೂ ಸಿಗಲಿಲ್ಲ. ಕೆಳಗಿನ ಹಳ್ಳಿಯವರು ತಮಗೂ ಒಂದು ಒಡ್ಡು ಬೇಕೆಂದರು. ಈಗ ಟ್ಯಾಂಕರಕ್ಕ ಬೆಳಗಾದರೆ ಉದ್ದನೆಯ ಕಬ್ಬಿಣದ ಸರಳು ಗಾಡಿಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಾಳೆ. ಅವಳು ಸರಳನ್ನು ಮರಳಿಗೆ ಇಳಿಸುತ್ತಾಳೆ, ಗಂಡ ಅದಕ್ಕೆ ಕಿವಿಯಿಟ್ಟು ಕೆಳಗೆ ತಾಗಿದ್ದು ಬಂಡೆಯೋ ಬರೀ ಕಲ್ಲೋ ಹೇಳುತ್ತಾನೆ, ಎಂಜಿನಿಯರ್ ಗುರುತು ಹಾಕಿಕೊಳ್ಳುತ್ತಾರೆ. ಅದಕ್ಕೂ ಕೆಳಗೆ ಇನ್ನೊಂದು ಹಳ್ಳಿಯಿದೆ. ಅಲ್ಲಿಯವರನ್ನು ಮೊದಲೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳದೆ ಗುದ್ದಲಿ ಎತ್ತಕೂಡದು ಎಂದು ಅವಳು ಮೊದಲ ದಿನವೇ ಹೇಳಿಬಿಟ್ಟಿದ್ದಾಳೆ.